‘ತ್ರಾಸ’ ಅಂತ ಬರೆದರೆ ಕೇಸಾಗೋದಿಲ್ಲ

ನಮ್ಮ ಭಾಲ್ಕಿ ಕಡೆ ‘ತ್ರಾಸ’ ಎಂಬ ಪದ ಹೊರದ ಹೊರೆಯಿಲ್ಲ. ಹೊಟ್ಟೆನೋವಿಗೂ ತ್ರಾಸ, ಸಾಲ ಕೊಟ್ಟವನ ಕಾಟಕ್ಕೂ ತ್ರಾಸ. ಬಸ್ಸಿನಲ್ಲಿ ಹುಡುಗಿಯ ಬೆನ್ನಿಗೆ ನಿಂತು ಹಾಡು ಗುನುಗುವವನು ಕೊಡುವುದೂ ತ್ರಾಸ, ಹಾಸ್ಟೆಲಿನಲ್ಲಿ ನಡುರಾತ್ರಿ ಕಿರಿಯನನ್ನು ಎಬ್ಬಿಸಿ ತನ್ನ ಬಟ್ಟೆ ಒಗೆಸುವವನು ಕೊಡುವುದೂ ತ್ರಾಸ. “ನಾ ಕಾಲೇಜಿಗಿ ಹೋಗಂಗಿಲ್ಲವ್ವಾ, ಭಾಳ ತ್ರಾಸ ಕೊಡ್ತಾರ” ಎಂದು ಮಗ ಅಂದರೆ ತಾಯಿಗೆ ಎಲ್ಲವೂ ತಿಳಿಯುತ್ತದೆ. ಠಾಣೆಯ ರೈಟರಿಗೆ ಮಾತ್ರ ಏನೂ ತಿಳಿಯುವುದಿಲ್ಲ.

ತಪ್ಪು ರೈಟರದ್ದಲ್ಲ. ಇಂಗ್ಲಿಷಿನಲ್ಲಿ ಬುಲ್ಲಿಯಿಂಗ್ ಎನ್ನುವ, ನಾವು ತ್ರಾಸ, ಕಾಟ, ಕಿರುಕುಳ ಎಂದೆಲ್ಲ ಕರೆಯುವ ಈ ಸಂಗತಿಗೆ ನಮ್ಮ ದೇಶದಲ್ಲಿ ಇಂಥದ್ದೇ ಎಂದು ಒಂದು ಕಾಯ್ದೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 358 ಕಲಮುಗಳಲ್ಲೂ ಇದಕ್ಕೆಂದೇ ಒಂದು ಕಲಮು ಸಿಗದು. ಕಾನೂನಿಗೆ ಗೊತ್ತಿರುವುದು ಬಿಡಿ ಬಿಡಿ ಕೃತ್ಯಗಳು: ದೂಡಿದ್ದು, ಹೊಡೆದದ್ದು, ದಾರಿಗಡ್ಡ ನಿಂತದ್ದು, ಕೋಣೆಯಲ್ಲಿ ಕೂಡಿಹಾಕಿದ್ದು, ಹೆದರಿಸಿ ಹಣ ಕಿತ್ತದ್ದು, ಜಾತಿ ಎತ್ತಿ ಬೈದದ್ದು, ಫೋಟೊ ಹರಿಬಿಟ್ಟದ್ದು. ಹಾಗಾಗಿ ನೊಂದವರ ಮೊದಲ ಕೆಲಸ ವಕೀಲರನ್ನು ಹುಡುಕುವುದಲ್ಲ, ತ್ರಾಸ ಎಂಬ ಆ ಒಂದು ಗಂಟನ್ನು ಬಿಚ್ಚಿ ಒಳಗಿರುವುದನ್ನು ಒಂದೊಂದಾಗಿ ಹೊರಗಿಡುವುದು.

ಕಾಯ್ದೆಗಳ ಮಾತನ್ನು ನಮ್ಮ ಕಡೆಯ ಖಟಕ ಚಿಂಚೋಳಿಯಿಂದ ಶುರು ಮಾಡಲು ಕಾರಣವಿದೆ. ದಕ್ಷಿಣದವರು ಇದನ್ನು ಕಲಬುರಗಿ ಜಿಲ್ಲೆಯ ಚಿಂಚೋಳಿಯೆಂದೇ ತಿಳಿಯುತ್ತಾರೆ. ಇದು ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಹೋಬಳಿ ಊರು, ಇದಕ್ಕೆ ತನ್ನದೇ ಪೊಲೀಸ್ ಠಾಣೆಯಿದೆ. ಇಲ್ಲಿನ ಮಕ್ಕಳು ಕಲಿಯುವುದು ಮಾತ್ರ ಊರಲ್ಲಲ್ಲ. ಒಬ್ಬ ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜು, ಒಬ್ಬಳು ಬೀದರಿನ ನರ್ಸಿಂಗ್, ಮತ್ತೊಬ್ಬ ನೀಟ್ ಕೋಚಿಂಗಿಗೆಂದು ಲಾತೂರು, ಇನ್ನೊಬ್ಬ ಕೆಲಸ ಮಾಡುತ್ತಲೇ ಓದುತ್ತೇನೆಂದು ಹೈದರಾಬಾದು. ಔರಾದ ಕಡೆಯವರಿಗೆ ದೇಗಲೂರು, ನಾಂದೇಡ ಹತ್ತಿರ. ಒಂದೇ ಓಣಿಯ ಮೂರು ಮಕ್ಕಳು ಮೂರು ರಾಜ್ಯಗಳ ಕಾನೂನಿನ ಕೆಳಗೆ ಬದುಕುತ್ತಿರುತ್ತಾರೆ. ಅದು ಮನೆಯವರಿಗೆ ಗೊತ್ತಿರುವುದಿಲ್ಲ.

ಕಾಲೇಜು, ಹಾಸ್ಟೆಲಿನ ತ್ರಾಸಕ್ಕೆ ಮಾತ್ರ ಪ್ರತ್ಯೇಕ ಕಾಯ್ದೆಗಳಿವೆ. ನಮ್ಮ ರಾಜ್ಯದಲ್ಲಿ ರ‍್ಯಾಗಿಂಗ್ ಅಪರಾಧವಾಗಿರುವುದು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ. ಕಾಯ್ದೆಯ ಹೆಸರಿನಲ್ಲಿ 1983 ಎಂದಿದ್ದರೂ ಅದು ಜಾರಿಗೆ ಬಂದದ್ದು 1995ರಲ್ಲಿ. ಅದರ ವ್ಯಾಖ್ಯೆ ಚೆನ್ನಾಗಿದೆ. ವಿದ್ಯಾರ್ಥಿಯ ಘನತೆಗೆ ಕುಂದು ತರುವ, ಅವನನ್ನು ನಗೆಪಾಟಲಿಗೀಡು ಮಾಡುವ ಕೆಲಸವನ್ನು ಹೆದರಿಸಿ ಬೆದರಿಸಿ ಮಾಡಿಸಿದರೆ, ಅದು ತಮಾಷೆಗೇ ಆಗಿದ್ದರೂ ರ‍್ಯಾಗಿಂಗೇ. “ಮಜಾಕ್ ಮಾಡಿದ್ವಿ ಸರ್” ಎಂಬ ಉತ್ತರಕ್ಕೆ ಶಾಸಕರು ಆಗಲೇ ಬಾಗಿಲು ಹಾಕಿದ್ದಾರೆ. ಶಿಕ್ಷೆ ಮಾತ್ರ ಬಡವಾಗಿದೆ: 116ನೇ ಕಲಮಿನಡಿ ಹೆಚ್ಚೆಂದರೆ 1 ವರ್ಷ ಜೈಲು, ಇಲ್ಲವೇ 2,000 ರೂಪಾಯಿ ದಂಡ, ಇಲ್ಲವೇ ಎರಡೂ.

ಗಡಿ ದಾಟಿ ಉದಗೀರಿಗೋ ಲಾತೂರಿಗೋ ಹೋದರೆ ಅಲ್ಲಿರುವುದು 1999ರ ಮಹಾರಾಷ್ಟ್ರ ರ‍್ಯಾಗಿಂಗ್ ನಿಷೇಧ ಕಾಯ್ದೆ. 2 ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ. ಅಪರಾಧ ಸಾಬೀತಾದ ವಿದ್ಯಾರ್ಥಿಯನ್ನು ಕಾಲೇಜು ಹೊರಹಾಕಬೇಕು, 5 ವರ್ಷ ಬೇರೆಲ್ಲೂ ಪ್ರವೇಶವಿಲ್ಲ. ದೂರು ಬಂದ 7 ದಿನದೊಳಗೆ ಸಂಸ್ಥೆಯ ಮುಖ್ಯಸ್ಥ ವಿಚಾರಿಸಬೇಕು. ವಿಚಾರಿಸದೆ ಅಸಡ್ಡೆ ಮಾಡಿದರೆ ಅವನೇ ಕುಮ್ಮಕ್ಕು ಕೊಟ್ಟವನಾಗುತ್ತಾನೆ. ಹಾಸ್ಟೆಲ್, ಟ್ಯುಟೋರಿಯಲ್ ಕೂಡ ಈ ಕಾಯ್ದೆಯ ‘ಶಿಕ್ಷಣ ಸಂಸ್ಥೆ’ಯಲ್ಲಿ ಸೇರಿವೆ. ಲಾತೂರಿನ ಕೋಚಿಂಗ್ ಕ್ಲಾಸುಗಳಿಗೆ ಮಕ್ಕಳನ್ನು ಕಳಿಸುವ ನಮ್ಮವರು ಇದನ್ನು ಗುರುತು ಹಾಕಿಕೊಳ್ಳಬೇಕು. 2019ರ ಮೇ ತಿಂಗಳಲ್ಲಿ ಮುಂಬೈಯ ನಾಯರ್ ಆಸ್ಪತ್ರೆಯ ಸ್ನಾತಕೋತ್ತರ ವಿದ್ಯಾರ್ಥಿನಿ ಡಾ. ಪಾಯಲ್ ತಡವಿ ತೀರಿಕೊಂಡಾಗ ಹಿರಿಯ ವೈದ್ಯೆಯರ ಮೇಲೆ ಹಾಕಿದ ಕಾಯ್ದೆಗಳಲ್ಲಿ ಇದೂ ಒಂದು.

ಹೈದರಾಬಾದಿನಲ್ಲಿ ಚಾಲ್ತಿಯಲ್ಲಿರುವುದು ಅವಿಭಜಿತ ಆಂಧ್ರದ 1997ರ ಕಾಯ್ದೆ. ಅದು ಕೃತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದೆ. ಛೇಡಿಸಿ ಅವಮಾನಿಸಿದರೆ 6 ತಿಂಗಳು, ಹೊಡೆದರೆ 1 ವರ್ಷ, ಕೂಡಿಹಾಕಿದರೆ 2 ವರ್ಷ, ತೀವ್ರ ಗಾಯವಾದರೆ 5 ವರ್ಷ. ಸಾವಿಗೆ ಕಾರಣವಾದರೆ, ಆತ್ಮಹತ್ಯೆಗೆ ದೂಡಿದರೆ ಜೀವಾವಧಿಯವರೆಗೂ ಹೋಗಬಹುದು. ಮೂರರಲ್ಲಿ ಹೆಚ್ಚು ಯೋಚಿಸಿ ಬರೆದ ಕಾಯ್ದೆ ಇದೇ ಎಂದು ನನಗನಿಸುತ್ತದೆ, ತ್ರಾಸ ಹೇಗೆ ಬೆಳೆಯುತ್ತದೆ ಎಂಬುದು ಇದನ್ನು ಬರೆದವರಿಗೆ ಗೊತ್ತಿತ್ತು.

“ಹೈದರಾಬಾದಿನಾಗ ಆಗಿದ್ದಕ್ಕ ಇಲ್ಲಿ ಏನು ಮಾಡ್ಲಿಕ್ಕಾಗ್ತದ್ರಿ ಕಾಕಾ?” ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮಾಡಲಿಕ್ಕಾಗುತ್ತದೆ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಈಗ ಸ್ಪಷ್ಟವಾಗಿ ಹೇಳುತ್ತದೆ: ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಾದ ಅಪರಾಧ, ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜನ ಇದನ್ನೇ ಜೀರೊ ಎಫ್‌ಐಆರ್ ಅನ್ನುತ್ತಾರೆ. ಖಟಕ ಚಿಂಚೋಳಿ ಠಾಣೆಯಲ್ಲಿ ಬರೆಸಿದ ದೂರು ಸೊನ್ನೆ ನಂಬರ್ ಹೊತ್ತು ಹೈದರಾಬಾದಿನ ಠಾಣೆಗೆ ಹೋಗಬೇಕು. ದೂರನ್ನು ಮೊಬೈಲಿನಿಂದಲೂ ಕಳಿಸಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಿದರೆ ಆಯಿತು. ಎಫ್‌ಐಆರ್ ಪ್ರತಿ ಪುಕ್ಕಟೆ.

ಇದರ ಬೆಲೆ ತಿಳಿಯಲು ದೂರ ಹೋಗಬೇಕಾಗಿಲ್ಲ. 2016ರ ಮೇ ತಿಂಗಳಲ್ಲಿ ಕಲಬುರಗಿಯ ನರ್ಸಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿ ಕೇರಳದ ದಲಿತ ವಿದ್ಯಾರ್ಥಿನಿಯೊಬ್ಬಳಿಗೆ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದರೆಂಬ ಆರೋಪ ಬಂತು. ಅನ್ನನಾಳ ಸುಟ್ಟ ಆ ಹುಡುಗಿ ತವರಿಗೆ ಮರಳಿ ಕೋಝಿಕ್ಕೋಡ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಸೇರಿದ ಮೇಲೆ ದೂರು ದಾಖಲಾದದ್ದು ಅಲ್ಲಿಯ ಠಾಣೆಯಲ್ಲಿ. ಕಾಗದ ಅಲ್ಲಿಂದ ಕಲಬುರಗಿಗೆ ಬಂತು, ಜೂನಿನಲ್ಲಿ ಮೂವರು ಹಿರಿಯ ವಿದ್ಯಾರ್ಥಿನಿಯರ ಬಂಧನವಾಯಿತು. ಘಟನೆ ನಡೆದ ಊರಲ್ಲಿ ಆಗದೆ ಉಳಿದ ಕೆಲಸ ನೊಂದವಳ ಸ್ವಂತ ನೆಲದಲ್ಲಿ ಆಯಿತು. ಆಗ ಇದು ಬರೀ ರೂಢಿ, ಈಗ ಕಲಮು.

ಕಾಲೇಜಿನವರ ಹೊಣೆ ಇನ್ನೊಂದು ದಾರಿ. 2009ರ ಮಾರ್ಚ್ 8ರಂದು ಹಿಮಾಚಲದ ಕಾಂಗಡಾ ಜಿಲ್ಲೆಯ ವೈದ್ಯಕೀಯ ಕಾಲೇಜಿನಲ್ಲಿ ಅಮನ್ ಕಾಚ್ರೂ ಎಂಬ ಹುಡುಗ ಹಿರಿಯರ ಹೊಡೆತಕ್ಕೆ ಸತ್ತ. ಸಿಬಿಐ ಮಾಜಿ ನಿರ್ದೇಶಕ ಆರ್.ಕೆ. ರಾಘವನ್ ಸಮಿತಿ 2007ರಲ್ಲೇ ಎಚ್ಚರಿಸಿತ್ತು. ಹುಡುಗ ಸತ್ತ ವರ್ಷವೇ ಯುಜಿಸಿ ನಿಯಮಾವಳಿ ಬಂತು, ಮರುವರ್ಷ ನಾಲ್ವರಿಗೆ 4 ವರ್ಷ ಜೈಲಾಯಿತು. ಆ ನಿಯಮಾವಳಿಯ ಪ್ರಕಾರ ರ‍್ಯಾಗಿಂಗ್ ಮಾಹಿತಿ ಸಿಕ್ಕ ಮೇಲೆ ದಂಡಸಂಹಿತೆಯ ಅಪರಾಧ ಕಂಡುಬಂದರೆ 24 ಗಂಟೆಯೊಳಗೆ ಪ್ರಾಂಶುಪಾಲರೇ ಎಫ್‌ಐಆರ್ ಮಾಡಿಸಬೇಕು. ಮಾಡಿದವರು ಯಾರೆಂದು ಪತ್ತೆಯಾಗದಿದ್ದರೆ ಇಡೀ ಗುಂಪಿಗೆ ದಂಡ ಹಾಕಲೂ ಅವಕಾಶವಿದೆ. 1800-180-5522 ಎಂಬ ಸಹಾಯವಾಣಿಗೆ ಹೆಸರು ಹೇಳದೆಯೂ ಫೋನ್ ಮಾಡಬಹುದು.

2016ರಲ್ಲಿ ಈ ನಿಯಮಾವಳಿಗೆ ಸೇರಿಸಿದ ಒಂದು ಸಾಲು ಬೀದರಿನವರಿಗಾಗಿಯೇ ಬರೆದಂತಿದೆ. ಬಣ್ಣ, ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು, ಪ್ರದೇಶ, ಭಾಷೆ, ಬಡತನದ ಕಾರಣಕ್ಕೆ ವಿದ್ಯಾರ್ಥಿಯನ್ನು ಹಿಂಸಿಸುವುದು, ಬುಲ್ಲಿಯಿಂಗ್ ಮಾಡುವುದು, ಗುಂಪಿನಿಂದ ದೂರ ಇಡುವುದು ಎಲ್ಲವೂ ರ‍್ಯಾಗಿಂಗ್ ಎಂದು ಅದು ಹೇಳಿತು. ನಮ್ಮ ನಿಯಮಗಳಲ್ಲಿ ಬುಲ್ಲಿಯಿಂಗ್ ಎಂಬ ಪದವೇ ಬಂದಿರುವ ಅಪರೂಪದ ಜಾಗ ಅದು. ಬೆಂಗಳೂರು, ಮೈಸೂರಿನ ಹಾಸ್ಟೆಲುಗಳಲ್ಲಿ ನಮ್ಮ ಹುಡುಗರು ‘ಹೊಂಟೀನ್ರಿ’ ಅಂದ ಕೂಡಲೇ ಏಳುವ ನಗು ಎಂಥದೆಂದು ಅಲ್ಲಿ ಓದಿದವರನ್ನು ಕೇಳಿ. ಉರ್ದು, ಮರಾಠಿ ಬೆರೆತ ನಮ್ಮ ಮಾತನ್ನು ಕನ್ನಡವೇ ಅಲ್ಲ ಎಂದವರಿದ್ದಾರೆ. ಒಂದು ದಿನದ ನಗೆಗೆ ಯಾರೂ ದೂರು ಕೊಡಬೇಕಿಲ್ಲ. ವರ್ಷವಿಡೀ ಅದನ್ನೇ ಹಿಡಿದು ಅಣಕಿಸಿ, ಮೆಸ್ಸಿನಲ್ಲಿ ಪಕ್ಕ ಕೂರಲು ಬಿಡದೆ ಮಾಡಿದರೆ ಅದು ದೂರಿಗೆ ತಕ್ಕ ವಿಷಯವೇ.

ಇಷ್ಟೆಲ್ಲ ಕಲಮುಗಳಿದ್ದೂ ಠಾಣೆಯಿಂದ ಬರಿಗೈಯಲ್ಲಿ ಬರುವವರೇ ಹೆಚ್ಚೇಕೆ? ಉತ್ತರ ‘ಎನ್‌ಸಿ’ ಎಂಬ ಎರಡಕ್ಷರದಲ್ಲಿದೆ. “ಎನ್‌ಸಿ ಮಾಡ್ಯಾರ” ಎಂದು ಜನ ನೆಮ್ಮದಿಯಿಂದ ಮನೆಗೆ ಬರುತ್ತಾರೆ, ಕೇಸು ಬಿತ್ತೆಂದೇ ತಿಳಿಯುತ್ತಾರೆ. ಬಿದ್ದಿರುವುದಿಲ್ಲ. ಸಾಧಾರಣ ಹೊಡೆತ (ನ್ಯಾಯ ಸಂಹಿತೆಯ 115ನೇ ಕಲಮು), ಕೆರಳಿಸುವ ಬೈಗುಳ (352), ಸಾಮಾನ್ಯ ಬೆದರಿಕೆ (351) ಇವೆಲ್ಲ ಅಸಂಜ್ಞೇಯ, ಅಂದರೆ ನಾನ್-ಕಾಗ್ನಿಜಬಲ್ (ಎನ್‌ಸಿ) ಅಪರಾಧಗಳು. ತ್ರಾಸದ ಮುಕ್ಕಾಲು ಪಾಲು ಇವೇ ಎಂಬುದು ನಮ್ಮ ದುರ್ದೈವ. ಇಂಥ ದೂರು ಬಂದರೆ ಪೊಲೀಸರು ಪುಸ್ತಕದಲ್ಲಿ ಸಾರಾಂಶ ಬರೆದು, ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿ ಕಳಿಸಬೇಕು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ. ಆದೇಶವೂ ಅರ್ಜಿಯ ಮೂಲೆಯಲ್ಲಿ ‘ಅನುಮತಿಸಿದೆ’ ಎಂದು ಗೀಚಿದರೆ ಸಾಲದು, ವಿವೇಚನೆ ಕಾಣಬೇಕು ಎಂದು ಕರ್ನಾಟಕ ಹೈಕೋರ್ಟು ಎಷ್ಟೋ ಪ್ರಕರಣಗಳನ್ನು ರದ್ದು ಮಾಡಿದೆ. ಅಲ್ಲಿ ಸೋತದ್ದು ಪೊಲೀಸರ ಕಾಗದವಾದರೂ ಪೆಟ್ಟು ತಿಂದದ್ದು ದೂರುದಾರ.

ಆದರೆ ಇದನ್ನೆಲ್ಲ ಹೇಳುವ ಸುರಕ್ಷಾ ಸಂಹಿತೆಯ 174ನೇ ಕಲಮಿನ ಕೊನೆಯಲ್ಲೇ ಒಂದು ಕೀಲಿಯಿದೆ. ಒಂದು ಘಟನೆಯಲ್ಲಿ ಹಲವು ಅಪರಾಧಗಳಿದ್ದು, ಅವುಗಳಲ್ಲಿ ಒಂದೇ ಒಂದು ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣ ಸಂಜ್ಞೇಯ. ದಾರಿಯಲ್ಲಿ ಅಡ್ಡಗಟ್ಟಿ ಮುಂದೆ ಹೋಗಲು ಬಿಡದಿರುವುದು ನ್ಯಾಯ ಸಂಹಿತೆಯ 126ನೇ ಕಲಮಿನ ಅಪರಾಧ. ಶಿಕ್ಷೆ 1 ತಿಂಗಳು ಮಾತ್ರ, ಆದರೂ ಅದು ಸಂಜ್ಞೇಯ. ಕಾನೂನಿನ ಈ ವಿಚಿತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಕಪಾಳಕ್ಕೆ ಹೊಡೆದದ್ದಕ್ಕಿಂತ ದಾರಿಗಡ್ಡ ನಿಂತದ್ದಕ್ಕೆ ಠಾಣೆ ಬೇಗ ಎದ್ದು ನಿಲ್ಲುತ್ತದೆ. ‘ಬಸ್‌ಸ್ಟ್ಯಾಂಡಿನ ಹತ್ತಿರ ಮಗನಿಗೆ ಹೊಡೆದರು, ಬೈದರು’ ಎಂದು ಬರೆದರೆ ಎನ್‌ಸಿ. ‘ನಾಲ್ವರು ದಾರಿಗೆ ಅಡ್ಡ ನಿಂತು, ಮುಂದೆ ಹೋಗಲು ಬಿಡದೆ, ಕಪಾಳಕ್ಕೆ ಹೊಡೆದು, ಹೆದರಿಸಿ ಜೇಬಿನ 200 ರೂಪಾಯಿ ಕಿತ್ತರು’ ಎಂದು ಬರೆದರೆ ಎಫ್‌ಐಆರ್. ಹೆದರಿಸಿ ಹಣ ಕೀಳುವುದು 308ನೇ ಕಲಮಿನ ಸುಲಿಗೆ, ಅದಕ್ಕೆ 7 ವರ್ಷದವರೆಗೆ ಶಿಕ್ಷೆ. ನಡೆಯದ್ದನ್ನು ಸೇರಿಸಬೇಡಿ, ಸುಳ್ಳು ದೂರೂ ಅಪರಾಧವೇ. ನಡೆದದ್ದನ್ನು ಮಾತ್ರ ಬಿಡಬೇಡಿ. ನಮ್ಮವರು ಬಿಡುವುದು ಸಾಮಾನ್ಯವಾಗಿ ಇದನ್ನೇ, “ಅದೇನು ಬರೆಯೋದು, ಸಣ್ಣ ಮಾತು” ಎಂದು.

ಸಂಜ್ಞೇಯ ಅಪರಾಧವಿದ್ದೂ ಠಾಣೆ ದೂರು ತೆಗೆದುಕೊಳ್ಳದಿದ್ದರೆ ಬೀದರಿನ ಎಸ್‌ಪಿ ಕಚೇರಿಗೆ ಬರವಣಿಗೆಯಲ್ಲಿ ಕಳಿಸಬೇಕು, ರಿಜಿಸ್ಟರ್ಡ್ ಅಂಚೆಯ ರಸೀದಿ ಇಟ್ಟುಕೊಳ್ಳಬೇಕು. ಅಲ್ಲೂ ಆಗದಿದ್ದರೆ ಭಾಲ್ಕಿ ಅಥವಾ ಔರಾದ ಕೋರ್ಟಿನ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಎಫ್‌ಐಆರ್ ಹಾಕುವುದು ಠಾಣಾಧಿಕಾರಿಯ ಮರ್ಜಿಯಲ್ಲ, ಕರ್ತವ್ಯ ಎಂದು ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ಪ್ರಕರಣದಲ್ಲೇ ತೀರ್ಮಾನಿಸಿದೆ.

ಕೇಸು ಬೇಡ, ಅವನು ಸುಮ್ಮನಾದರೆ ಸಾಕು ಅನ್ನುವವರಿಗೆ ಹಳೆಯ ಹಾದಿಯೊಂದಿದೆ: ಮುಚ್ಚಳಿಕೆ. ಶಾಂತಿ ಕದಡುವ ಸಂಭವವಿದ್ದರೆ 126ನೇ ಕಲಮಿನಡಿ (ಇದು ಸುರಕ್ಷಾ ಸಂಹಿತೆಯದ್ದು, ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿ 107) ತಾಲ್ಲೂಕು ದಂಡಾಧಿಕಾರಿಯಾದ ತಹಶೀಲ್ದಾರರು 1 ವರ್ಷದವರೆಗೆ ಬಾಂಡ್ ಬರೆಸಿಕೊಳ್ಳಬಹುದು. ಠಾಣೆಯಲ್ಲಿ ಬಿಳಿ ಹಾಳೆಯ ಮೇಲೆ ಬರೆಸಿಕೊಳ್ಳುವ ‘ಇನ್ನೊಮ್ಮೆ ಮಾಡುವುದಿಲ್ಲ’ ಎಂಬ ಚೀಟಿಗೆ ಆ ಬಲವಿಲ್ಲ.

ಜಾತಿಯ ಮಾತು ಬಂದಲ್ಲಿ ಲೆಕ್ಕವೇ ಬೇರೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹೆಸರು ಹಿಡಿದು ಸಾರ್ವಜನಿಕರ ಕಣ್ಣೆದುರು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ 6 ತಿಂಗಳಿನಿಂದ 5 ವರ್ಷದವರೆಗೆ ಶಿಕ್ಷೆ. ನಿರೀಕ್ಷಣಾ ಜಾಮೀನಿಗೆ ತಡೆಯಿದೆ, ತನಿಖೆ ಡಿವೈಎಸ್‌ಪಿ ದರ್ಜೆಯವರು ಮಾಡಬೇಕು, ಪರಿಹಾರದ ಮೊದಲ ಕಂತು ಎಫ್‌ಐಆರ್ ಹಂತದಲ್ಲೇ ಸಿಗಬೇಕು. ಆದರೆ ನಾಲ್ಕು ಗೋಡೆಯೊಳಗೆ ಬೇರೆ ಯಾರೂ ಇಲ್ಲದಾಗ ಆಡಿದ ಮಾತು ಈ ಕಲಮಿಗೆ ಬರದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಆಗ ಅಲ್ಲಿ ಯಾರಿದ್ದರು, ಯಾರು ಕೇಳಿಸಿಕೊಂಡರು ಎಂಬುದನ್ನು ಮೊದಲ ದೂರಿನಲ್ಲೇ ಬರೆಯಬೇಕು.

ಶಾಲೆಯ ಮಕ್ಕಳ ವಿಷಯಕ್ಕೆ ಬರೋಣ, ಅಲ್ಲಿ ಕಾಡುವವನೂ ಮಗುವೇ. 7 ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. 18ರೊಳಗಿನವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ, ಸಣ್ಣಪುಟ್ಟ ಅಪರಾಧಕ್ಕೆ ಸಾಮಾನ್ಯವಾಗಿ ಎಫ್‌ಐಆರೇ ಇಲ್ಲ. ಇದು ಸರಿಯಾದ ವ್ಯವಸ್ಥೆ ಎಂದೇ ನನ್ನ ನಂಬಿಕೆ. ಎಂಟನೇ ತರಗತಿಯ ಹುಡುಗನಿಗೆ ಬೇಕಾದದ್ದು ಲಾಕಪ್ಪಲ್ಲ. ಆದರೆ ಶಾಲೆಯವರು ಇದನ್ನೇ ನೆಪ ಮಾಡಿಕೊಂಡು ಕೈತೊಳೆಯುವಂತಿಲ್ಲ. 1098ಕ್ಕೆ ಕರೆ ಮಾಡಿದರೆ ಮಕ್ಕಳ ರಕ್ಷಣೆಯ ವ್ಯವಸ್ಥೆ ಸ್ಪಂದಿಸಬೇಕು, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯೂ ಇದೆ. ಕಾಡುವವರು ಮಾಸ್ತರರೇ ಆಗಿದ್ದರೆ 6ರಿಂದ 14 ವರ್ಷದ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ತಮ್ಮ ಸುಪರ್ದಿನಲ್ಲಿರುವ ಮಗುವಿಗೆ ಕ್ರೌರ್ಯ ಎಸಗಿದರೆ ಬಾಲನ್ಯಾಯ ಕಾಯ್ದೆಯ 75ನೇ ಕಲಮೂ ಬರುತ್ತದೆ. ಮೈ ಮುಟ್ಟಿದ ಪ್ರಕರಣವಾದರೆ ಪೋಕ್ಸೊ, ಅಲ್ಲಿ ರಾಜಿಯ ಮಾತೇ ಇಲ್ಲ.

“ಪೊಲೀಸ್ರು ಸಾಲಿಗಿ ಬಂದ್ರ ನಮ್ಮ ಹುಡುಗಿ ಅಂಜ್ತಾಳ್ರಿ” ಎಂದು ತಾಯಂದಿರು ಹಿಂಜರಿಯುತ್ತಾರೆ. ಆ ಅಂಜಿಕೆಗೆ ಬೀದರಿನಲ್ಲೇ ಕಾರಣ ಹುಟ್ಟಿತ್ತು. 2020ರಲ್ಲಿ ಇಲ್ಲಿನ ಶಾಲೆಯೊಂದರ ನಾಟಕದ ಕಾರಣಕ್ಕೆ ದೇಶದ್ರೋಹದ ಪ್ರಕರಣ ದಾಖಲಾಗಿ, ಸಮವಸ್ತ್ರದ ಪೊಲೀಸರು ಮಕ್ಕಳನ್ನು ಪ್ರಶ್ನಿಸಿದ ಚಿತ್ರಗಳನ್ನು ದೇಶವೇ ನೋಡಿತು. ಸಮವಸ್ತ್ರ ತೊಟ್ಟು, ಆಯುಧ ಹಿಡಿದು ಮಕ್ಕಳನ್ನು ವಿಚಾರಿಸಿದ್ದು ಮೇಲ್ನೋಟಕ್ಕೇ ಬಾಲನ್ಯಾಯ ಕಾಯ್ದೆಯ ಗಂಭೀರ ಉಲ್ಲಂಘನೆ ಎಂದು ಹೈಕೋರ್ಟು 2021ರಲ್ಲಿ ಹೇಳಿತು. ಆ ದೇಶದ್ರೋಹದ ಪ್ರಕರಣವನ್ನು 2023ರಲ್ಲಿ ಕಲಬುರಗಿ ಪೀಠ ರದ್ದುಗೊಳಿಸಿತು. ಹಾಗಾಗಿ ನಿಮ್ಮ ಮಗುವಿನ ಹೇಳಿಕೆ ಪಡೆಯಲು ಬರುವವರು ಮಫ್ತಿಯಲ್ಲಿ ಬರಲಿ ಎಂದು ಕೇಳುವುದು ಉದ್ಧಟತನವಲ್ಲ.

ಮೊಬೈಲಿನ ಕಾಟದ ಬಗ್ಗೆ ಎರಡೇ ಮಾತು. ಹಿಂದೆ ಪೊಲೀಸರು ಎಲ್ಲದಕ್ಕೂ ಹಾಕುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲಿ ತೆಗೆದುಹಾಕಿದೆ, ಅದರ ಹೆಸರು ಹೇಳಿಕೊಂಡು ಹೋಗಬೇಡಿ. ಖಾಸಗಿ ಚಿತ್ರಕ್ಕೆ 66ಇ, ಅಶ್ಲೀಲಕ್ಕೆ 67, ಹೆಣ್ಣುಮಕ್ಕಳ ಬೆನ್ನು ಹತ್ತಿ ಮೆಸೇಜು ಹಾಕುವವನಿಗೆ ನ್ಯಾಯ ಸಂಹಿತೆಯ 78. ಸಿಟ್ಟಿನಲ್ಲಿ ಮೆಸೇಜು ಅಳಿಸಬೇಡಿ. ಸ್ಕ್ರೀನ್‌ಶಾಟಿನಲ್ಲಿ ನಂಬರ್, ತಾರೀಖು ಕಾಣಲಿ. ಮೂಲ ಮೊಬೈಲನ್ನು ಮಾರಬೇಡಿ, ಕೋರ್ಟಿನಲ್ಲಿ ಸ್ಕ್ರೀನ್‌ಶಾಟಿಗೊಂದು ಪ್ರಮಾಣಪತ್ರವೂ ಬೇಕಾಗುತ್ತದೆ, ಅದನ್ನು ವಕೀಲರು ಮಾಡಿಸುತ್ತಾರೆ.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಿದೆ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಮನೆಗೆಲಸದವರಿಗೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ, 3 ತಿಂಗಳೊಳಗೆ ದೂರು ಕೊಡಬೇಕು. ಉಳಿದ ಕಿರುಕುಳಕ್ಕೆ, ಅಂದರೆ ಎಲ್ಲರೆದುರು ಹೀಯಾಳಿಸುವ ಸಾಹೇಬ, ರಜೆ ಕೊಡದೆ ಸತಾಯಿಸುವ ಮಾಲೀಕರ ವಿಷಯದಲ್ಲಿ ನಮ್ಮ ಕಾನೂನು ಹೆಚ್ಚುಕಡಿಮೆ ಕೈಚೆಲ್ಲಿ ಕೂತಿದೆ.

ಇನ್ನು ರಾಜಿ. ನಮ್ಮೂರುಗಳಲ್ಲಿ ದೂರು ಕೊಟ್ಟ ಸಂಜೆಯೇ ನಾಲ್ಕು ಜನ ಹಿರಿಯರು ಮನೆಗೆ ಬರುತ್ತಾರೆ. “ಹುಡುಗ್ರ ಜಗಳ ಬಿಡ್ರಿ, ನಾಳೆ ಮಾರಿ ಮಾರಿ ನೋಡೋರು ನಾವೇ.” ಈ ಮಾತಿನಲ್ಲಿ ಸತ್ಯವೂ ಇದೆ, ಬೆದರಿಕೆಯೂ ಇರಬಹುದು. ಸಾಧಾರಣ ಹೊಡೆತ, ಬೈಗುಳ, ಅಡ್ಡಗಟ್ಟಿದ್ದು ರಾಜಿಯಾಗಬಲ್ಲ ಅಪರಾಧಗಳು, ಮಾಡಿಕೊಳ್ಳುವುದು ತಪ್ಪಲ್ಲ. ಮಾಡಿಕೊಳ್ಳುವುದಾದರೆ ಪ್ರಕರಣ ಕೋರ್ಟಿಗೆ ಹೋದ ಮೇಲೆ ಲೋಕ ಅದಾಲತ್ತಿನಲ್ಲಿ ಮಾಡಿಕೊಳ್ಳಿ. ಅಲ್ಲಿಯ ಒಪ್ಪಂದ ಕೋರ್ಟಿನ ಡಿಕ್ರಿಗೆ ಸಮ. ಕಟ್ಟೆಯ ಮೇಲೆ ಚಹಾ ಕುಡಿದು ಮುಗಿಸಿದ್ದಕ್ಕೆ ಆ ಬೆಲೆಯಿಲ್ಲ, ಆರು ತಿಂಗಳಿಗೆ ಅದೇ ಹುಡುಗ ಅದೇ ದಾರಿಯಲ್ಲಿ ನಿಂತಿರುತ್ತಾನೆ. ವಕೀಲರ ಫೀಸಿಗೆ ಹೆದರುವವರಿಗೆ ಒಂದು ಮಾತು: ಹೆಂಗಸರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ವಕೀಲರು ಪುಕ್ಕಟೆ. ಸಹಾಯವಾಣಿ 15100.

ಮಗು ಊಟ ಬಿಟ್ಟು ಕೋಣೆ ಸೇರಿ ಮಾತೇ ನಿಲ್ಲಿಸಿದ್ದರೆ ಕಲಮು ಆಮೇಲೆ, ಮೊದಲು 14416ಕ್ಕೆ ಫೋನ್ ಮಾಡಿ. ಅದು ಮಾನಸಿಕ ಆರೋಗ್ಯದ ಸಹಾಯವಾಣಿ, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಮೈಮೇಲೆ ಗಾಯವಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ, ಅಂದರೆ ಮೆಡಿಕೊ-ಲೀಗಲ್ ದಾಖಲೆ, ಮಾಡಿಸಿ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ತಾರೀಖು, ಹೊತ್ತು, ಜಾಗ, ಯಾರು, ಏನು ಮಾಡಿದರು, ಯಾರು ನೋಡಿದರು ಎಂದು ಮಗು ಹೇಳಿದಂತೆ, ಮಗುವಿನ ಮಾತಿನಲ್ಲೇ ಬರೆಯಿರಿ. ‘ತ್ರಾಸ’ ಎಂಬ ಪದ ಒಂದು ಕಡೆಯೂ ಬೇಡ. ಎರಡು ಪ್ರತಿ ಮಾಡಿಸಿ ಠಾಣೆಗೆ ಹೋಗಿ. ಒಂದನ್ನು ಅಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.